ಗಂಟಲಲ್ಲೇ ಉಳಿದ ಅತ್ತೆಯ ಕಥೆ

ಇಂಗ್ಲೆಂಡಿನ ಸಟನ್ ಊರಲ್ಲಿರುವ ಗಂಗಕ್ಕನಿಗೆ ದವಡೆ ಬಿಗಿದು ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಮಾತಿಗೆ ಅಷ್ಟು ಧಾರಾಳವಾಗಿ ಸಾಕಾಗಿತ್ತು. ಆಪರೇಷನ್ನಿಗೆ ಮೊದಲು ಅವರಿಗೆ ಉಸಿರಾಟದ ಕೊಳವೆ ಹಾಕಬೇಕಾದ ಅರಿವಳಿಕೆ ಡಾಕ್ಟರು ನಾನು. ಬಾಯಿಂದ ದಾರಿಯಿಲ್ಲ, ಎಚ್ಚರವಿರುವಾಗಲೇ ಗಂಟಲು ಮರಗಟ್ಟಿಸಿ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಅದರ ಮೇಲಿಂದ ಕೊಳವೆ ಜಾರಿಸಬೇಕು. ಈ ಒದ್ದಾಟವೆಲ್ಲ ಆಮೇಲೆ ನೆನಪಿರಬಾರದೆಂದು ಮಂಪರಿನ ಔಷಧಿಯನ್ನೂ ಕೊಟ್ಟಿದ್ದೆ.

ಗಂಗಕ್ಕ ನನ್ನ ಬ್ಯಾಡ್ಜ್ ಓದಿದರು. "ಕನ್ನಡದವ್ರೇನ್ರಿ? ಯಾವ ಊರು?"

"ಧಾರವಾಡ. ಮಾತಾಡಬ್ಯಾಡ್ರಿ ಅಕ್ಕಾರ."

"ಯಾರ ಪೈಕಿ?"

ಬಿಡುವವರಲ್ಲ. ಮನೆತನದ ಹೆಸರು ಹೇಳಿದೆ.

"ಹಂಗಾದ್ರ ಕಮಲಾ ನಿಮ್ಮ ಸೋದರತ್ತಿ! ಮದುವಿ ಹಿಂದಿನ ದಿನ ಆಕಿ ಓಡಿಹೋಗಿದ್ದು ಯಾರ ಜೋಡಿ ಅಂದ್ರ..."

ಅಷ್ಟರಲ್ಲಿ ಕೊಳವೆ ಧ್ವನಿಪೆಟ್ಟಿಗೆ ದಾಟಿತು, ದನಿ ನಿಂತಿತು. ಕೊಳವೆ ಸರಿಯಾದ ಜಾಗಕ್ಕೆ ಹೋಗಿದ್ದಕ್ಕೆ ಅದೇ ಮೊದಲ ಗುರುತು. ಥಿಯೇಟರಿನವರೆಲ್ಲ "ಬ್ರಿಲಿಯಂಟ್!" ಎಂದರು. ನನಗೆ ಮಾತ್ರ ಅದನ್ನು ಹೊರಗೆಳೆದುಬಿಡೋಣ ಅನಿಸಿತು. ನಮ್ಮನೆಯಲ್ಲಿ ಕಮಲತ್ತೆಯ ಮಾತೆತ್ತಿದರೆ ಎಲ್ಲರೂ ಎದ್ದು ಹೋಗುತ್ತಾರೆ.

ಆಪರೇಷನ್ ಮುಗಿದು ಅವರಿಗೆ ಎಚ್ಚರವಾದಾಗ, ನೋವಿದೆಯಾ ಎಂದೂ ಕೇಳದೆ, "ಯಾರ ಜೋಡಿ ಅಕ್ಕಾರ?" ಎಂದೆ.

ಗಂಗಕ್ಕ ಕಣ್ಣು ಕಿರಿದು ಮಾಡಿ ನನ್ನ ಬ್ಯಾಡ್ಜ್ ನಿಧಾನವಾಗಿ ಓದಿದರು.

"ಕನ್ನಡದವ್ರೇನ್ರಿ? ಯಾವ ಊರು?"