ಚಲುವಮ್ಮನ ಗುಡ್ಡೆ

ಹದಿನಾರು ಎಂಬ ನಮ್ಮ ಊರಿನಲ್ಲಿ ಪಕ್ಕದ ಮನೆ ಚಲುವಮ್ಮ ಹೆಚ್ಚು ಮಾತಿನವಳಲ್ಲ. ಎರಡು ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿ, ತನ್ನ ಪಾಡಿಗೆ ತಾನಿದ್ದವಳು. ತೊಂಬತ್ತೆಂಟನೇ ಇಸವಿಯಲ್ಲಿ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ವರ್ಷದ ತಿಥಿ ಕಳೆದ ಮೇಲೆ ಬಂದ ಯುಗಾದಿಯ ಮಾರನೆಯ ದಿನ, ಹೊಸತೊಡಕಿನಲ್ಲಿ, ಅವಳು ಬಾಯಿ ಬಿಟ್ಟಳು.

ಹೊಸತೊಡಕಿಗೆ ನಮ್ಮ ಬೀದಿಯವರು ಒಟ್ಟಾಗಿ ದುಡ್ಡು ಹಾಕಿ ಮರಿ ಕುಯ್ಯುತ್ತಾರೆ. ಮನೆಗೊಂದು ಗುಡ್ಡೆ ಮಾಂಸ, ಎಲ್ಲವೂ ಸಮ. ಪಾಲು ಹಾಕುವ ಹಿರಿಯ ಬೋರಯ್ಯ ಒಂದೊಂದೇ ಗುಡ್ಡೆಗೆ ಕೋಲು ತೋರಿಸಿ ‘ಇದು ಯಾರಿಗೆ’ ಎಂದು ಕೇಳುತ್ತಾನೆ. ಬೆನ್ನು ತಿರುಗಿಸಿ ನಿಂತವನು ಒಂದು ಮನೆಯ ಹೆಸರು ಕೂಗುತ್ತಾನೆ. ಕೂಗು ಮುಗಿಯುವವರೆಗೆ ಯಾರೂ ಪಾಲು ಎತ್ತುವಂತಿಲ್ಲ. ಕೂಗುವವನು ಕಲ್ಲಯ್ಯ, ಚಲುವಮ್ಮನ ಗಂಡನ ಅಣ್ಣ.

ಅವತ್ತು ಗುಡ್ಡೆ ಹಾಕುವಾಗಲೇ ಕಲ್ಲಯ್ಯ ತಕರಾರು ತೆಗೆದ.

“ಒಂದು ಗುಡ್ಡೆ ಜಾಸ್ತಿ ಐತಲ್ಲ ಬೋರಣ್ಣ. ನನ್ ತಮ್ಮನ ಮನೇಲಿ ಈಗ ಯಾರವ್ರೆ? ಒಂಟಿ ಎಂಗ್ಸು. ನಮ್ಮನೇಲೇ ಉಂಡ್ಕಳ್ಳಿ, ನಾನೇನು ಬ್ಯಾಡ ಅಂದ್ನಾ?”

ಕೆಟ್ಟ ಮನುಷ್ಯನಲ್ಲ, ಅದೇ ನ್ಯಾಯ ಎಂದು ನಂಬಿದ್ದ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ನಮ್ಮ ಬೀದಿಯ ಕಾಲೇಜು ಹುಡುಗ ದೀಪಕ್ ಬೇರೆ, “ಪಾಪ, ಎಲ್ರೂ ಒಂದೊಂದು ತುಂಡು ಕೊಟ್ರಾಯ್ತು ಬುಡಿ” ಎಂದ. ಇವನ ಕನಿಕರಕ್ಕಿಷ್ಟು ಬೆಂಕಿ ಹಾಕ.

ಗಂಡಸರೇ ಸೇರುವ ಆ ಜಾಗಕ್ಕೆ ಚಲುವಮ್ಮ ಬೇಸಿನ್ ಹಿಡಿದು ಬಂದಿದ್ದಳು, ಜೊತೆಗೆ ನಾನೂ ಇದ್ದೆ. ಅವಳು ಕಲ್ಲಯ್ಯನ ಕಡೆ ತಿರುಗಿದಳು.

“ಎಲ್ರಂಗೆ ನಾನೂ ದುಡ್ಡು ಕೊಟ್ಟಿವ್ನಿ ಬಾವ. ಉಣ್ಣಕ್ಕೇನೂ ನಂಗೆ ಬರ ಇಲ್ಲ. ಇವತ್ತು ಗುಡ್ಡೆ ಇಲ್ಲ ಅಂದ್ರೆ, ನಾಳೆ ನಂಗೆ ಮನೇನೇ ಇಲ್ಲ ಅಂತೀರಿ.”

ಬೋರಯ್ಯ ಯಾವ ಗುಡ್ಡೆಯನ್ನೂ ತೆಗೆಯದೆ ಒಂದೊಂದೇ ತೋರಿಸುತ್ತ ಹೋದ. ಕಲ್ಲಯ್ಯ ಕೂಗುತ್ತ ಹೋದ. ಕೊನೆಗೆ ಒಂದೇ ಉಳಿಯಿತು.

“ಇದು ಯಾರ್ಗೆ?”

ಕಲ್ಲಯ್ಯ ಉಸಿರೆತ್ತಲಿಲ್ಲ. ಬಿಸಿಲೇರಿತು, ನೊಣ ಮುತ್ತಿದವು. “ಕೂಗ್ಲಾ, ಮನೇಲಿ ಖಾರ ರುಬ್ಕಂಡು ಕಾಯ್ತಾವ್ರೆ” ಎಂದು ಯಾರೋ ಗೊಣಗಿದರು. ಬೋರಯ್ಯ ಕೋಲನ್ನು ಅಲ್ಲೇ ಊರಿ ನಿಂತ.

“ತಮ್ಮನ ಮನೆ ಎಸ್ರ ನೀನೇ ವರ್ಸಾವರ್ಸ ಕೂಗ್ತಿದ್ದೆ ಕಣ್ಲಾ. ಆ ಮನೆ ಇನ್ನೂ ಅಲ್ಲೇ ಐತೆ, ಒಲೆ ಉರೀತಾ ಐತೆ.”

ಕಲ್ಲಯ್ಯ ಗಂಟಲು ಸರಿಮಾಡಿಕೊಂಡು ಕೂಗಿದ.

“ಚಲುವಮ್ಮನ ಮನೆಗೆ.”

ಅಬ್ಬ, ನನಗೆ ಹೋದ ಜೀವ ಬಂದಂತಾಯಿತು. ಚಲುವಮ್ಮ ಮಾಂಸವನ್ನು ಬೇಸಿನ್ನಿಗೆ ತುಂಬಿಕೊಂಡಳು, ಸೆರಗಿನಿಂದ ಕಣ್ಣೊರೆಸಿಕೊಂಡು ಕಲ್ಲಯ್ಯನ ಮುಂದೆ ಬಂದು ನಿಂತಳು.

“ಮದ್ಯಾನ ಅಕ್ಕನ್ನೂ ಕರ್ಕಂಡು ನಮ್ಮನೆಗೆ ಊಟಕ್ಕೆ ಬನ್ನಿ ಬಾವ.”