ಸನ್ನ ಉಬ್ಬಿಸುತ್ತಿದ್ದ ಪ್ರೊಸೆಸರ್

ಮೊಮ್ಮಕ್ಕಳೇ, ಮೊನ್ನೆ ನಿಮ್ಮ ಲ್ಯಾಪ್‌ಟಾಪನ್ನು ಎತ್ತಿಡುವಾಗ ಅದರ ಬೆನ್ನು ಮುಟ್ಟಿದೆ. ಬೆಳಗಿನಿಂದ ದುಡಿದಿದ್ದರೂ ತಣ್ಣಗಿತ್ತು. "ಇದರಲ್ಲಿ ಬಿಸಿಯೇ ಇಲ್ಲವಲ್ಲ" ಎಂದೆ. ನೀವು ನಕ್ಕಿರಿ. ಎದುರಿಗೆ ಹೇಳಲು ನನಗೆ ಯಾವಾಗಲೂ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಹೊಸಂಗಡಿಯ ಈ ಮನೆಯ ಚಾವಡಿಯಲ್ಲೇ ನಿಮ್ಮ ಅಜ್ಜ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ಆಗಿನ ಪ್ರೊಸೆಸರಿನ ವಿನ್ಯಾಸವೇ ಬೇರೆ. ಇರುವುದು ಒಂದೇ ಮಿದುಳು, ಅದನ್ನೇ ಇನ್ನೂ ಜೋರಾಗಿ ಓಡಿಸುವುದು. ವರ್ಷ ವರ್ಷ ವೇಗ ಏರಿತು, ಅಜ್ಜನ ಹೆಮ್ಮೆ ಏರಿತು, ಸೆಕೆಯೂ ಏರಿತು. ಕಂಪ್ಯೂಟರ್ ಪೆಟ್ಟಿಗೆಯ ಹಿಂದಿನಿಂದ ಒಲೆಯ ಬಾಯಿಯಂತೆ ಗಾಳಿ ಬರುತ್ತಿತ್ತು.

ಮಳೆಗಾಲದಲ್ಲಿ ಸನ್ನದ ಅಕ್ಕಿಹಿಟ್ಟು, ಇಡ್ಲಿಯಂತೆ ಉಬ್ಬಲೆಂದು ಕಳ್ಳು ಹಾಕಿದರೂ, ಹಠ ಹಿಡಿದು ಕೂರುತ್ತದೆ. ಒಂದು ಮಧ್ಯಾಹ್ನ ಪಾತ್ರೆಯನ್ನು ಮೆಲ್ಲಗೆ ಆ ಗಾಳಿಗೆ ಇಟ್ಟೆ.

"ಎಂತ ಮಾರಾಯ್ತಿ, ಕಂಪ್ಯೂಟರಿಗೆ ಹಿಟ್ಟು ತಿನ್ನಿಸುವುದಾ?" ಎಂದರು ಅಜ್ಜ. ಸಂಜೆ ಹತ್ತಿಯಂಥ ಸನ್ನ ತಿಂದ ಮೇಲೆ ಅವರೇ ಪಾತ್ರೆಗೆ ಜಾಗ ಮಾಡಿಕೊಟ್ಟರು. ಪಕ್ಕದ ಮನೆಯ ಐಸಮ್ಮ ಮಕ್ಕಳ ಒದ್ದೆ ಕಾಲುಚೀಲ ಒಣಗಿಸಲು ತಂದು ನನ್ನನ್ನು ಕೇಳುತ್ತಿದ್ದಳು: "ಬಾಯಮ್ಮ, ನಿಮ್ಮ ಮಿಷನಿಗೆ ಪುರುಸೊತ್ತು ಉಂಟಾ?"

ನನ್ನ ಸನ್ನದ ಹೆಸರು ಇಗರ್ಜಿಯ ಕ್ರಿಸ್ಮಸ್ ಊಟದವರೆಗೂ ಹೋಯಿತು. ಅಲ್ಲಿ ತಿಂದ ಒಬ್ಬ ಹೆಂಗಸು, ಈ ಮನೆಯ ಹುಡುಗಿಯನ್ನು ನೋಡಬೇಕು ಎಂದರಂತೆ. ಆ ಹುಡುಗಿಯೇ ನಿಮ್ಮ ಅಮ್ಮ; ಅವರ ಮಗನನ್ನು ಇಗರ್ಜಿಯಲ್ಲಿ ನೋಡಿ ಅವಳೂ ಮೆಚ್ಚಿದ್ದಳು.

ಅಷ್ಟರಲ್ಲಿ ಆ ಪ್ರೊಸೆಸರಿನ ಕಾಲ ಮುಗಿದಿತ್ತು. ಇನ್ನೂ ಓಡಿಸಿದರೆ ತಣಿಸುವುದೇ ಕಷ್ಟವೆಂದು, ಮಾಡುವವರೇ ಆ ದಾರಿ ಬಿಟ್ಟರು. ಒಂದರ ಬದಲು ಎರಡು ಮಿದುಳು ಇಟ್ಟು ಕೆಲಸ ಹಂಚಿದರು. "ಒಬ್ಬನೇ ಓಡಿ ಬೆವರುವ ಬದಲು ಇಬ್ಬರು ನಡೆದ ಹಾಗೆ," ಎಂದು ವಿವರಿಸುತ್ತಾ ಅಜ್ಜ ಹೊಸ ಪೆಟ್ಟಿಗೆ ತಂದು ಕೂರಿಸಿದರು.

ಹುಡುಗನ ಕಡೆಯವರು ಬರುವ ದಿನವೂ ಮಳೆ, ಎಂದಿನಂತೆ ಪೆಟ್ಟಿಗೆಯ ಹಿಂದೆ ಪಾತ್ರೆ ಇಟ್ಟೆ. ಸಂಜೆ ಮುಚ್ಚಳ ತೆಗೆದರೆ ಹಿಟ್ಟು ಉಬ್ಬದೆ ಇಟ್ಟಲ್ಲೇ ಇತ್ತು; ಹೊಸ ಪೆಟ್ಟಿಗೆಯ ಗಾಳಿಗೆ ಬಿಸಿಯೇ ಇರಲಿಲ್ಲ. ಹೊರಗೆ ಜೀಪು ನಿಂತಿತು. ಬೇರೆ ದಾರಿಯಿಲ್ಲದೆ ಅದನ್ನೇ ಬೇಯಿಸಿದೆ.

ಆ ಹೆಂಗಸು ಒಂದು ಸನ್ನ ಒತ್ತಿ ನೋಡಿದರು. "ಎಂತ, ಇದು ಕಲ್ಲಿನ ಹಾಗೆ ಉಂಟಲ್ಲ?"

ನಿಮ್ಮ ಅಮ್ಮ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು. ಅವಳ ಮುಖ ನೋಡಿ, ಹೊಸಬರೆದುರು ಬಾಯಿಯೇ ತೆರೆಯದ ನಾನು ಹೇಳಿಬಿಟ್ಟೆ: "ಹಿಟ್ಟಿನದು ತಪ್ಪಲ್ಲ. ಪ್ರೊಸೆಸರ್ ಬದಲಾಯಿತು."

"ಎಂತ ಬದಲಾಯಿತು?" ಎಂದರು ಅವರು. ಆಮೇಲೆ ಮೊದಲಿಂದ ಕೊನೆಯವರೆಗೆ ಹೇಳಿಸಿಕೊಂಡು, ಆ ಹೆಂಗಸು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಇಷ್ಟು ಬುದ್ಧಿಯ ಮನೆಯ ಹುಡುಗಿ ನಮಗೆ ಬೇಕೇ ಬೇಕು" ಎಂದರು.

ಇಷ್ಟು ಬರೆದ ಮೇಲೆ ಧೈರ್ಯ ಬಂದಿದೆ. ಭಾನುವಾರ ಊಟಕ್ಕೆ ಕೂತಾಗ ಇದನ್ನು ನಾನೇ ಗಟ್ಟಿಯಾಗಿ ಓದುತ್ತೇನೆ. ನಂಬಿಕೆಯಾಗದಿದ್ದರೆ ನಿಮ್ಮ ಅಪ್ಪನನ್ನು ಕೇಳಿ. ಅಂದು ನಿಮ್ಮ ಅಮ್ಮನನ್ನೇ ನೋಡುತ್ತಾ ಆ ಕಲ್ಲುಗಳನ್ನೆಲ್ಲ ತಿಂದು ತಟ್ಟೆ ಖಾಲಿ ಮಾಡಿದವನು ಅವನೊಬ್ಬನೇ.