ಅಜ್ಜನ ಪೇರಲ ಚಾಕು

ಕೇಶ್ವಾಪುರದ ಹತ್ತಿ ವ್ಯಾಪಾರಿ ನಮ್ಮಪ್ಪ ಮೊಟ್ಟೆ ಕಂಡರೂ ಮೂಗು ಮುಚ್ಚುವವನು. ಕೂಡಿಸಿಟ್ಟಿದ್ದು ಮಾತ್ರ ಬೆರಳುದ್ದದ ಹಳೆಯ ಬೇಟೆ ಚಾಕುಗಳನ್ನು. ಹೆಬ್ಬಳ್ಳಿಯಲ್ಲಿ ಅವನ ಅಜ್ಜ, ಲಿಂಗಪೂಜೆಯಾಗದೆ ನೀರೂ ಮುಟ್ಟದ ಮನುಷ್ಯ, ಅಂಥದ್ದೇ ಚಾಕುವಿನಿಂದ ಪೇರಲ ಹಣ್ಣು ಹೆಚ್ಚಿಕೊಡುತ್ತಿದ್ದನಂತೆ. ಆ ಕಥೆ ಕೇಳಿ ಕೇಳಿ ನಮಗೆ ಸಾಕಾಗಿತ್ತು.

ಪ್ರತಿ ವರ್ಷ ದಸರೆಯ ಖಂಡೆ ಪೂಜೆಗೆ ಆ ಚಾಕುಗಳನ್ನು ಒಣಬಟ್ಟೆಯಲ್ಲಿ ಒರೆಸಿಡುತ್ತಿದ್ದ ಅವ್ವ, ೨೦೦೩ರಲ್ಲಿ ಬಿಸಿನೀರಿನಲ್ಲಿ ನೆನೆಹಾಕಿದಳು. ಹಿಡಿಕೆಯ ಸಂದಿಗಳಿಂದ ಹಳೆಯ ಕೊಬ್ಬು ಕರಗಿ ತೇಲಿತು, ಜೊತೆಗೆ ಕಂದು ಕೂದಲು.

“ಥೂ! ಇಷ್ಟ ವರ್ಷ ಇದಕ್ಕೇನ್ರಿ ನಾ ಇಬತ್ತಿ ಹಚ್ಚಿದ್ದು?” ಅಂದಳು ಅವ್ವ.

ಅಪ್ಪ ಕೂದಲನ್ನೇ ನೋಡುತ್ತ ನಿಂತ.

“ನಮ್ಮಜ್ಜ ಕೊಡೋ ಪೇರಲಕ್ಕೂ ಇಂಥದ್ದ ಹತ್ತಿರ್ತಿತ್ತು. ಗೋವಿನಜೋಳದ ತೆನಿ ಕೂದಲದು, ತಿನ್ನಲೇ ಅಂತಿದ್ದ...”

ಮಾತು ಮುಗಿಯುವ ಮೊದಲೇ ಬಚ್ಚಲಿಗೆ ಓಡಿದ.